ಅಂಜುದೀವಿನ ಏಳು ನಾವಿಕರು

ಹುಬ್ಬಳ್ಳಿಯಿಂದ ಹೊರಟು ಅರಬೈಲು ಘಟ್ಟ ಇಳಿದ ಹೆದ್ದಾರಿ ಬಾಳೆಗುಳಿಯಲ್ಲಿ ಕರಾವಳಿಯ ರಸ್ತೆಗೆ ಬಂದು ಕೂಡುತ್ತದೆ. ಬಲಕ್ಕೆ ಹೊರಳಿದರೆ ಅಂಕೋಲೆ, ಅವರ್ಸಾ, ಹಾರವಾಡ, ಅಮದಳ್ಳಿ, ಬಿಣಗಾ, ಆಮೇಲೆ ಕಾರವಾರ. ಕಾಳಿ ನದಿ ದಾಟಿದರೆ ಸದಾಶಿವಗಡ, ಮಾಜಾಳಿ, ಅದರಾಚೆ ಗೋವಾ. ವಾರದ ಕೊನೆಗೆ ಬಾಳೆಗುಳಿ ಕ್ರಾಸಿನಲ್ಲಿ ಬಲಕ್ಕೆ ಹೊರಳುವ ಕಾರುಗಳಿಗೆ ಲೆಕ್ಕವಿಲ್ಲ. 1961ರ ಡಿಸೆಂಬರ್ ತನಕ ಈ ದಾರಿ ಮಾಜಾಳಿಗೆ ಮುಗಿದುಹೋಗುತ್ತಿತ್ತು. ಆಚೆಗೆ ಬೇರೆ ಸರಕಾರ, ಬೇರೆ ಪೊಲೀಸು, ಬೇರೆ ದುಡ್ಡು. ಅಲ್ಲಿಯವರೆಗೂ ಹೋಗಬೇಕಿರಲಿಲ್ಲ. ಕಾರವಾರಕ್ಕಿಂತ ಮೊದಲೇ ಸಿಗುವ ಬಿಣಗಾದ ಎದುರಿಗೆ, ಈಜು ಬಲ್ಲವನು ಈಜಿ ದಡ ಸೇರಬಹುದಾದಷ್ಟು ಹತ್ತಿರದಲ್ಲಿ, ಒಂದು ನಡುಗಡ್ಡೆಯ ಮೇಲೆ ಪೋರ್ಚುಗಲ್ಲಿನ ಬಾವುಟ ಹಾರುತ್ತಿತ್ತು.

ಆ ನಡುಗಡ್ಡೆಯೇ ಅಂಜುದೀವ್. ಗೋವಾ ವಿಮೋಚನೆಯ ಕಥೆಯನ್ನು ನಾವು ಹೇಳುವುದು ಬಹಳ ಹಗುರವಾಗಿ: 451 ವರ್ಷದ ಆಳ್ವಿಕೆ ಎರಡು ದಿನದೊಳಗೆ ಮುಗಿಯಿತು, ಪೋರ್ಚುಗೀಸರು ಶರಣಾದರು, ಅಷ್ಟೆ. ಹಾಗೆ ಹೇಳುವಾಗ ಒಂದು ಲೆಕ್ಕ ಜಾರಿಹೋಗುತ್ತದೆ. ಆ ಕಾರ್ಯಾಚರಣೆಯಲ್ಲಿ ಭಾರತದ ಕಡೆ ಪ್ರಾಣ ಕಳೆದುಕೊಂಡವರು 22 ಮಂದಿ. ಅವರಲ್ಲಿ ಏಳು ಮಂದಿ ಸತ್ತದ್ದು ಪಣಜಿಯಲ್ಲೂ ಅಲ್ಲ, ಮುರಗಾಂವಿನಲ್ಲೂ ಅಲ್ಲ, ನಮ್ಮ ಬಿಣಗಾದ ಎದುರಿನ ಈ ಬಂಡೆಗಡ್ಡೆಯಲ್ಲಿ. ಒಟ್ಟು ಸಾವಿನಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು. ಏಳೂ ಜನ ನೌಕಾಪಡೆಯವರು. ಗೋವಾದ ಐಎನ್‌ಎಸ್ ಗೋಮಾಂತಕ ನೆಲೆಯಲ್ಲಿ ಅವರಿಗೊಂದು ಸ್ಮಾರಕವಿದೆ. ಅದರ ಮೇಲಿನ ಬರಹ ಅವರನ್ನು ಕರೆಯುವುದು ಯುವ ನಾವಿಕರು ಎಂದೇ.

ಅಂಜುದೀವ್ ಸಣ್ಣದು. ಸುಮಾರು ಒಂದೂವರೆ ಚದರ ಕಿಲೋಮೀಟರು. ಒಂದಿಷ್ಟು ಮರ, ಒಂದಿಷ್ಟು ಬಂಡೆ, ಸಿಹಿನೀರು, ಹಳೆಯ ಕೋಟೆಯ ಗೋಡೆ, ಒಂದು ಇಗರ್ಜಿ. ಆದರೆ ಅದರ ಚರಿತ್ರೆ ಗಾತ್ರಕ್ಕೆ ಮೀರಿದ್ದು. ಅಂಕೋಲೆಯ ಆರ್ಯಾದುರ್ಗಾ ದೇವಸ್ಥಾನಕ್ಕೆ ಹೋಗುವವರಿಗೆ ಗೊತ್ತು, ದೇವಿ ಮೊದಲಿದ್ದದ್ದು ಅಂಜುದೀವಿನಲ್ಲಿ, ಪರಂಗಿಗಳ ಕಾಟಕ್ಕೆ ಇತ್ತ ಬಂದಳು ಎನ್ನುವುದು ಭಕ್ತರ ನಂಬಿಕೆ. 1498ರಲ್ಲಿ ವಾಸ್ಕೋ ಡ ಗಾಮಾ ಊರಿಗೆ ಮರಳುವ ಮುಂಚೆ ಹಡಗು ನಿಲ್ಲಿಸಿ ನೀರು ತುಂಬಿಸಿಕೊಂಡದ್ದು ಇಲ್ಲಿ. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡಾ ಇಲ್ಲೊಂದು ಕೋಟೆ ಕಟ್ಟಿಸಿದ. ಮರುವರ್ಷವೇ ಅದನ್ನು ಕೆಡವಿ ಹೋಗಬೇಕಾಯಿತು.

ಹುಡುಗರು ಬಂದು ಸಾಯುವ ಜಾಗ ಎಂಬ ಹೆಸರನ್ನು ಈ ದ್ವೀಪ 17ನೇ ಶತಮಾನದಲ್ಲೇ ಗಳಿಸಿತ್ತು. 1662ರಲ್ಲಿ ಇಂಗ್ಲೆಂಡಿನ ದೊರೆಗೆ ಮುಂಬಯಿ ವರದಕ್ಷಿಣೆಯಾಗಿ ಸಿಕ್ಕಿತಷ್ಟೆ. ಅದನ್ನು ವಶಕ್ಕೆ ಪಡೆಯಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಡನೆ ಬಂದ. ಅಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ಊರು ಬಿಟ್ಟುಕೊಡಲಿಲ್ಲ. ಬೇರೆ ದಾರಿ ಕಾಣದೆ ಶಿಪ್‌ಮನ್ ತನ್ನ ಜನರನ್ನು ಅಂಜುದೀವಿನಲ್ಲಿ ಇಳಿಸಿದ. ನಮ್ಮ ಕಡೆಯ ಮಳೆಗಾಲ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲವೇನೋ. ಜ್ವರ, ಭೇದಿ, ಹಸಿವು ಅವರನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಹೋದವು. 1664ರಲ್ಲಿ ಶಿಪ್‌ಮನ್ ಕೂಡ ಸತ್ತ. 1665ರಲ್ಲಿ ಹಂಫ್ರಿ ಕುಕ್ ಎಂಬವನು ಮುಂಬಯಿಯನ್ನು ವಹಿಸಿಕೊಳ್ಳಲು ಹೊರಟಾಗ ಆ ನಾನೂರರಲ್ಲಿ ಉಳಿದಿದ್ದವರು ನೂರರ ಆಸುಪಾಸು. ಒಂದು ಗುಂಡೂ ಹಾರದೆ ಮುನ್ನೂರು ಹೆಣ. ಮುಂದೆ 1682ರಲ್ಲಿ ಪೋರ್ಚುಗೀಸರೇ ಮತ್ತೆ ಬಂದು ಕೋಟೆ ಭದ್ರಪಡಿಸಿದರು. ಅಂದಿನಿಂದ ದ್ವೀಪ ಅವರ ಕೈಯಲ್ಲೇ ಉಳಿಯಿತು. ಎದುರಿನ ಕಾರವಾರ ಸೋಂದೆಯವರದ್ದಾಯಿತು, ಹೈದರನದ್ದಾಯಿತು, ಇಂಗ್ಲಿಷರದ್ದಾಯಿತು, 1956ರಲ್ಲಿ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅಂಜುದೀವ್ ಮಾತ್ರ ಹಾಗೇ ಇತ್ತು.

1947ರ ನಂತರ ಇದು ಕಣ್ಣಿಗೆ ಚುಚ್ಚತೊಡಗಿತು. ಲಿಸ್ಬನ್ನಿನಲ್ಲಿ ಕೂತಿದ್ದ ಸಲಾಜಾರ್ ಗೋವಾ ತಮ್ಮ ದೇಶದ್ದೇ ಒಂದು ಪ್ರಾಂತ ಎನ್ನುತ್ತಿದ್ದ. ಗೋವಾದ ಹೋರಾಟಗಾರರಿಗೆ ಉತ್ತರ ಕನ್ನಡ ಜಿಲ್ಲೆ ಹಿತ್ತಲ ಮನೆ. ಮಾಜಾಳಿ ಗಡಿಯಿಂದ ಸತ್ಯಾಗ್ರಹಿಗಳು ಒಳಹೊಕ್ಕರು. ಜಿಲ್ಲೆಯ ಘಟ್ಟದ ತಲೆಯ ಮೇಲಿರುವ ಕ್ಯಾಸಲ್‌ರಾಕ್‌ನ ಕಾಡಿನಲ್ಲಿ ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಒಂದು ಗುಪ್ತ ಬಾನುಲಿ ಕೇಂದ್ರವನ್ನು ವರ್ಷಗಟ್ಟಲೆ ನಡೆಸಿದರು. ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಅವರ ಪ್ರಸಾರ ಗೋವಾದ ಒಳಗೆ ಕದ್ದುಮುಚ್ಚಿ ಕೇಳುವವರನ್ನು ಮುಟ್ಟುತ್ತಿತ್ತು. ಲಿಬಿಯಾ ಲೋಬೊ ಸರ್ದೇಸಾಯಿ ಅವರಿಗೆ ಪದ್ಮಶ್ರೀ ಸಿಕ್ಕಿದ್ದು 2025ರಲ್ಲಿ, ಅವರ ನೂರನೆಯ ವಯಸ್ಸಿನ ಹೊತ್ತಿಗೆ. ತಡವಾಗಿ ನೆನೆಯುವುದು ನಮ್ಮ ಹಳೆಯ ಚಾಳಿ.

ಕಿಡಿ ಹೊತ್ತಿದ್ದು ಅಂಜುದೀವಿನಿಂದಲೇ. 1961ರ ನವೆಂಬರಿನಲ್ಲಿ ದ್ವೀಪದ ಪಕ್ಕದಲ್ಲಿ ಸಾಗುತ್ತಿದ್ದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಅಲ್ಲಿನ ಕಾವಲು ಪಡೆ ಗುಂಡು ಹಾರಿಸಿತು. ಹಡಗಿನ ಮುಖ್ಯ ಎಂಜಿನಿಯರಿಗೆ ಗಾಯವಾಯಿತು. ಅದೇ ತಿಂಗಳು ಮೀನುಗಾರರ ದೋಣಿಯ ಮೇಲೂ ಗುಂಡು ಬಿತ್ತು. ಕಾರವಾರ ಕಡೆಯ ಮೀನುಗಾರನೊಬ್ಬ ಸತ್ತ. ಮಳೆಗಾಲ ಕಳೆದು ಕಡಲು ತಿಳಿಯಾಗಿ, ಬಂಗಡೆ ದಡದ ಹತ್ತಿರ ಬಂದು, ರಂಪಣಿ ಬಲೆಗೆ ಊರಿಗೆ ಊರೇ ಕೈಹಚ್ಚುವ ಕಾಲ ಅದು. ಹೊಟ್ಟೆಪಾಡಿನ ನೀರಿನಲ್ಲಿ ನಿಂತವನ ಮೇಲೆ ಗುಂಡು ಬಿದ್ದ ಮೇಲೆ ಹರಿಕಂತ್ರರ ಕೇರಿಯಲ್ಲೂ ಖಾರ್ವಿಗಳ ಕೇರಿಯಲ್ಲೂ ಏನು ಮಾತಾಗಿರಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಅಂಜುದೀವಿನ ಯುದ್ಧದ ಲೆಕ್ಕಕ್ಕೆ ಆ ಮೀನುಗಾರನ ಸಾವೂ ಸೇರಬೇಕು.

ದಿಲ್ಲಿಯಲ್ಲಿ ನೆಹರೂ ಅವರ ಅನುಮಾನಗಳು ತೀರುವ ಹೊತ್ತಿಗೆ ಡಿಸೆಂಬರ್ ಅರ್ಧ ಕಳೆದಿತ್ತು. ಕಾರ್ಯಾಚರಣೆಗೆ 'ವಿಜಯ' ಎಂದು ಹೆಸರಿಟ್ಟರು. ಬೆಳಗಾವಿ ಕಡೆಯಿಂದ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಷನ್ ಮತ್ತು 50ನೇ ಪ್ಯಾರಾ ಬ್ರಿಗೇಡ್ ನುಗ್ಗಬೇಕು. ದಾಬೋಲಿ ವಿಮಾನ ನಿಲ್ದಾಣದ ಮೇಲೆ ಕ್ಯಾನ್‌ಬೆರಾ ವಿಮಾನಗಳು ಬಾಂಬು ಹಾಕಬೇಕು. ಮಾಜಾಳಿ ಕಡೆಯಿಂದ ಒಂದು ಸಣ್ಣ ತುಕಡಿ ಕಾಣಕೋಣದತ್ತ ಸಾಗಿ ಶತ್ರುವಿನ ಕಣ್ಣು ಇತ್ತ ತಿರುಗಿಸಬೇಕು. ಆಗ ಕಾಳಿಗೆ ಸೇತುವೆ ಇರಲಿಲ್ಲ. ಕಾರವಾರದವರು ಹೊಳೆ ದಾಟುತ್ತಿದ್ದುದು ಕೋಡಿಬಾಗದಿಂದ ನೀರಿನ ಮೇಲೆಯೇ.

ನೌಕಾಪಡೆಯ ಪಾಲಿಗೆ ಬಂದದ್ದು ಎರಡು ಕೆಲಸ. ಮುರಗಾಂವ ಬಂದರಿನಲ್ಲಿದ್ದ 'ಅಫೊನ್ಸೊ ದ ಅಲ್ಬುಕರ್ಕ್' ಎಂಬ ಪೋರ್ಚುಗೀಸ್ ಯುದ್ಧನೌಕೆಯನ್ನು ಸುಮ್ಮನಾಗಿಸುವುದು ಒಂದು. ಅಂಜುದೀವನ್ನು ಹಿಡಿಯುವುದು ಇನ್ನೊಂದು. ಎರಡನೆಯದಕ್ಕೆ ಬಂದ ಹಡಗುಗಳು ಐಎನ್‌ಎಸ್ ತ್ರಿಶೂಲ ಮತ್ತು ಐಎನ್‌ಎಸ್ ಮೈಸೂರು. ಮೈಸೂರು ಎಂದರೆ ನಮ್ಮ ರಾಜ್ಯದ ಹೆಸರು ಹೊತ್ತ, ಗಂಡಭೇರುಂಡ ಲಾಂಛನದ ಕ್ರೂಸರ್. ಬ್ರಿಟಿಷರ 'ನೈಜೀರಿಯಾ' ಹಡಗನ್ನು ಕೊಂಡು 1957ರಲ್ಲಿ ಸೇವೆಗೆ ಸೇರಿಸಿಕೊಂಡದ್ದು. ಮೈಸೂರು ಎಂಬ ಹೆಸರಿನಲ್ಲಿ ಅದು ಮೊದಲ ಬಾರಿಗೆ ಯುದ್ಧಕ್ಕೆ ನಿಂತದ್ದು ಆ ರಾಜ್ಯದ ಕಡಲಿನಲ್ಲೇ.

ಡಿಸೆಂಬರ್ 18, ಸೋಮವಾರ. ಬೆಳಗ್ಗೆ ಏಳು ದಾಟಿದ ಹೊತ್ತಿಗೆ ತ್ರಿಶೂಲದಿಂದ ದೋಣಿಗಳು ಇಳಿದವು. ದೋಣಿಯಲ್ಲಿದ್ದವರು ಪದಾತಿ ದಳದವರಲ್ಲ, ಹಡಗಿನ ನಾವಿಕರು. ಆಗ ನಮ್ಮ ನೌಕಾಪಡೆಗೆ ದಡ ಹತ್ತಿ ಹೊಡೆದಾಡುವ ಪ್ರತ್ಯೇಕ ದಳವೇ ಇರಲಿಲ್ಲ. ಎಂಜಿನ್ ಕೋಣೆ, ಫಿರಂಗಿ, ಹಗ್ಗ, ಸಿಗ್ನಲ್ಲು ಇವುಗಳೊಡನೆ ಬದುಕುವ ಹುಡುಗರ ಕೈಗೆ ಬಂದೂಕು ಬಂದಿತ್ತು. ಮೊದಲ ತಂಡದ ನಾಯಕ ಲೆಫ್ಟಿನೆಂಟ್ ಅರುಣ್ ಆಡಿಟ್ಟೊ. ಆ ತಂಡ ದಡ ಮುಟ್ಟಿತು, ಇಳಿಯಿತು, ಹೇಳಿಕೊಳ್ಳುವಂಥ ಪ್ರತಿರೋಧವೇ ಬರಲಿಲ್ಲ. ದ್ವೀಪದ ಮೇಲೆ ಬಿಳಿ ಬಾವುಟ ಕಂಡಿತ್ತು ಎಂದು ನೌಕಾಪಡೆಯ ಕಥನ ಹೇಳುತ್ತದೆ.

ಎರಡನೆಯ ತಂಡ ಇನ್ನೂ ನೀರಿನ ಮೇಲಿರುವಾಗಲೇ ಮೆಷಿನ್‌ಗನ್ ಮಾತಾಡಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನೆಲದ ಮೇಲೆ ಗುಂಡು ಬಂದರೆ ಮನುಷ್ಯ ಮಲಗುತ್ತಾನೆ, ಬಂಡೆಯ ಮರೆಗೆ ಹೋಗುತ್ತಾನೆ, ಗದ್ದೆಯ ಹಾಳಿಯಾದರೂ ಆಸರೆಯಾಗುತ್ತದೆ. ತೆರೆದ ದೋಣಿಯಲ್ಲಿ ಏನಿದೆ? ಭುಜಕ್ಕೆ ಭುಜ ತಾಗಿಸಿ ಕೂತವರು ಎದ್ದರೂ ಗುರಿ, ಕೂತರೂ ಗುರಿ. ನೀರಿಗೆ ಹಾರಿದರೆ ಬೂಟು, ಮದ್ದುಗುಂಡಿನ ಭಾರ ಕೆಳಕ್ಕೆ ಎಳೆಯುತ್ತದೆ. ತಿರುಗಿಸಿ ಹೋಗೋಣ ಎಂದರೆ ದೋಣಿ ಅಡ್ಡ ತಿರುಗುವ ಆ ಕ್ಷಣದಲ್ಲಿ ಗುರಿ ಇನ್ನೂ ಅಗಲವಾಗುತ್ತದೆ. ಉಳಿಯುವ ದಾರಿ ಒಂದೇ: ಗುಂಡು ಬರುವ ಕಡೆಗೇ ದೋಣಿ ನಡೆಸಿ ದಡ ಮುಟ್ಟುವುದು. ಎರಡನೆಯ ತಂಡ ಮಾಡಿದ್ದು ಅದನ್ನೇ. ಅದರ ಮುಂದಾಳು ಗನ್ನರ್ ನೋಯಲ್ ಕೆಲ್ಮನ್ ಅವರ ತೊಡೆಗಳಿಗೆ ಗುಂಡು ಹೊಕ್ಕಿತ್ತು. ಆದರೂ ಅವರು ದೋಣಿಯನ್ನು ದಡಕ್ಕೆ ಮುಟ್ಟಿಸಿದರು. ಆ ಹಾಯುವಿಕೆಯ ಮತ್ತು ದಡದ ಮೇಲಿನ ಕಾಳಗದ ಲೆಕ್ಕ ಮುಗಿದಾಗ ಏಳು ನಾವಿಕರು ಸತ್ತಿದ್ದರು. ಇಬ್ಬರು ಅಧಿಕಾರಿಗಳೂ ಸೇರಿ 19 ಮಂದಿಗೆ ಗಾಯವಾಗಿತ್ತು.

ಆಮೇಲೆ ಹಡಗಿನ ಫಿರಂಗಿಗಳು ಗುಡುಗಿದವು. ಆದಷ್ಟು ಕಡಿಮೆ ಬಲ ಬಳಸಿ ಎನ್ನುವ ಮೇಲಿನವರ ಸೂಚನೆಗೆ ಅಲ್ಲಿಯತನಕ ಬೆಲೆ ಕೊಟ್ಟದ್ದರ ಬೆಲೆ ದೋಣಿಯಲ್ಲಿ ಬಿದ್ದಿತ್ತು. ತ್ರಿಶೂಲದ ನಾಲ್ಕೂವರೆ ಅಂಗುಲದ ಗುಂಡುಗಳು ದ್ವೀಪದ ಮೇಲೆ ಬಿದ್ದ ಮೇಲೂ ಕಾವಲು ಪಡೆ ಕೂಡಲೇ ಕೈಯೆತ್ತಲಿಲ್ಲ. ದ್ವೀಪ ಪೂರ್ತಿ ಹತೋಟಿಗೆ ಬರುವಾಗ 19ರ ಮಧ್ಯಾಹ್ನವಾಗಿತ್ತು. ಆಗಲೂ ಮೂವರು ಬಂಡೆಗಳ ಸಂದಿಯಲ್ಲಿ ಅಡಗಿ ಉಳಿದಿದ್ದರು. ಒಬ್ಬ ಕಾರ್ಪೊರಲ್ ಅದೇ ದಿನ ಶರಣಾದ. ಇನ್ನೊಬ್ಬ 20ರಂದು ಸಿಕ್ಕಿಬೀಳುವ ಮೊದಲು ಕೈಬಾಂಬು ಎಸೆದು ಕೆಲವರನ್ನು ಗಾಯಗೊಳಿಸಿದ. ಮೂರನೆಯವನು ಗೋವಾದವನೇ ಆದ ಮಾನುವೆಲ್ ಕಾಯ್ತಾನ್ ಎಂಬ ಸಿಪಾಯಿ. ಅವನು ಕಡಲಿಗೆ ಇಳಿದು ಈಜಿದ. ದಡಕ್ಕೆ ಬಂದು 22ರಂದು ಸೆರೆಯಾದ. ಭಾರತದ ನೆಲದಲ್ಲಿ ಕಡೆಯದಾಗಿ ಸೆರೆಸಿಕ್ಕ ಪೋರ್ಚುಗೀಸ್ ಸೈನಿಕ ಅವನೇ. ವಾಸ್ಕೋ ಡ ಗಾಮಾನ ಹಡಗು ನಿಂತ ದ್ವೀಪದಿಂದ ಒಬ್ಬ ಸಿಪಾಯಿ ಒದ್ದೆಬಟ್ಟೆಯಲ್ಲಿ ನಮ್ಮ ದಡ ಹತ್ತುವುದರೊಂದಿಗೆ ಆ ಆಳ್ವಿಕೆಯ ಕೊನೆಯ ಎಳೆ ಹರಿಯಿತು.

ಇತ್ತ ಪಣಜಿಯಲ್ಲಿ ಕಥೆ ಬೇಗ ಮುಗಿದಿತ್ತು. ಗೆಲ್ಲಿ, ಇಲ್ಲವೇ ಸಾಯಿರಿ ಎಂಬ ಅರ್ಥದ ಆಜ್ಞೆಯನ್ನು ಸಲಾಜಾರ್ 14ರಂದೇ ಕಳಿಸಿದ್ದ. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಅದನ್ನು ಪಾಲಿಸದೆ 19ರ ರಾತ್ರಿ ಶರಣಾಗತಿಗೆ ಸಹಿ ಹಾಕಿದ. ಅದಕ್ಕಾಗಿ ಊರಿಗೆ ಹೋದ ಮೇಲೆ ಸೇನೆಯಿಂದಲೇ ಹೊರಹಾಕಿಸಿಕೊಂಡ. ಆ ಮನುಷ್ಯ ತನ್ನ ಸಾವಿರಾರು ಹುಡುಗರನ್ನೂ ಗೋವಾದ ಊರುಗಳನ್ನೂ ಉಳಿಸಿದ. ಅವನ ಆಜ್ಞೋಲ್ಲಂಘನೆ ಎರಡು ದಿನ ಮೊದಲೇ ಅಂಜುದೀವನ್ನು ಮುಟ್ಟಿದ್ದರೆ ನಮ್ಮ ಏಳು ಜನರೂ ಉಳಿಯುತ್ತಿದ್ದರು.

ಹಾಗಾದರೆ ಅಂಜುದೀವನ್ನು ಆ ಬೆಳಗ್ಗೆಯೇ ಹಿಡಿಯಬೇಕಿತ್ತೇ? ಗೋವಾ ಬಿದ್ದ ಮೇಲೆ ಅನ್ನ, ಮದ್ದು ಎರಡೂ ತೀರಿ ದ್ವೀಪ ತಾನಾಗಿ ಕೈಗೆ ಬರುತ್ತಿರಲಿಲ್ಲವೇ? ಈಗ ಕೂತು ಹೀಗೆ ಕೇಳುವುದು ಸುಲಭ. 18ರ ಬೆಳಗ್ಗೆ ಗೋವಾ ಎರಡು ದಿನದಲ್ಲಿ ಬೀಳುತ್ತದೋ ಎರಡು ವಾರ ಹಿಡಿಯುತ್ತದೋ ಯಾರಿಗೆ ಗೊತ್ತಿತ್ತು? ಎರಡೆರಡು ಸಲ ಗುಂಡು ಹಾರಿದ ಜಾಗವನ್ನು ಕಾರವಾರದ ಕಡಲಿನ ನಡುವೆ ಹಾಗೇ ಬಿಡಲು ನೌಕಾಪಡೆಗೆ ಮನಸ್ಸಾಗಿರಲಿಕ್ಕಿಲ್ಲ. ಅದು ಒಪ್ಪುವ ಮಾತು. ಒಪ್ಪಲಾಗದ್ದು ಇನ್ನೊಂದಿದೆ. ದಡ ಏರಿ ಕಾದಾಡುವುದು ಎಲ್ಲ ಬಗೆಯ ಯುದ್ಧಗಳಲ್ಲೂ ಕಷ್ಟದ ಕೆಲಸ. ಅದಕ್ಕೆ ಹಡಗಿನ ಹುಡುಗರನ್ನು ಇಳಿಸಿದ್ದು ಯೋಜನೆಯ ದೋಷವೇ. ನೌಕಾಪಡೆ ತನ್ನದೇ ಕಮಾಂಡೊ ದಳವನ್ನು, ನಾವೀಗ ಮಾರ್ಕೋಸ್ ಎನ್ನುವುದನ್ನು, ಕಟ್ಟಿದ್ದು 1987ರಲ್ಲಿ. ನಡುವೆ ಕಾಲು ಶತಮಾನ ಹೋಗಿತ್ತು.

ಅಂಥದ್ದೇ ಸಾವು ಅಗ್ವಾದಾ ಕೋಟೆಯ ಬಳಿಯೂ ಆಯಿತು. ಯುದ್ಧ ಮುಗಿದಂತೆಯೇ ಎನ್ನುವ ಹೊತ್ತಿಗೆ, 19ರಂದು, ಸೆರೆಯಲ್ಲಿದ್ದವರನ್ನು ಬಿಡಿಸಲು ಹೋದ ಮೇಜರ್ ಶಿವದೇವ್ ಸಿಂಗ್ ಸಿಧು ಮತ್ತು ಕ್ಯಾಪ್ಟನ್ ವಿನೋದ್ ಸೆಹಗಲ್ ಗುಂಡಿಗೆ ಬಲಿಯಾದರು. ಅಧಿಕಾರಿಗಳ ಹೆಸರು ಪುಸ್ತಕದಲ್ಲಿ ಉಳಿದಿದೆ. ಸತ್ತ ನಾವಿಕರು ಬಹುತೇಕ ಎಲ್ಲ ಬರಹಗಳಲ್ಲೂ 'ಏಳು' ಎಂಬ ಒಂದು ಅಂಕಿಯಾಗಿ ಬರುತ್ತಾರೆ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹತ್ತೇ ತಿಂಗಳಿಗೆ, 1962ರ ಅಕ್ಟೋಬರಿನಲ್ಲಿ, ಚೀನಾದ ಯುದ್ಧ ಬಂತು. ಸಾವಿರ ಸಾವಿರ ಮನೆಗಳಿಗೆ ತಂತಿ ಹೋದ ಮೇಲೆ ಏಳು ಮನೆಗಳ ತಂತಿ ಯಾರ ನೆನಪಿನಲ್ಲಿ ನಿಲ್ಲುತ್ತದೆ? ಮತ್ತೆ 1965, ಮತ್ತೆ 1971. ನೌಕಾಪಡೆಯ ದಿನ ಎಂದು ನಾವು ಆಚರಿಸುವ ಡಿಸೆಂಬರ್ 4 ಕರಾಚಿಯ ಮೇಲಿನ ದಾಳಿಯ ನೆನಪಿನದು. ಅದೇ ಯುದ್ಧದಲ್ಲಿ ಮುಳುಗಿದ ಖುಕ್ರಿ ಹಡಗಿನೊಂದಿಗೆ 194 ಮಂದಿ ಹೋದರು. ದೊಡ್ಡ ದುಃಖ ಸಣ್ಣದನ್ನು ಮುಚ್ಚುತ್ತದೆ. ಜೊತೆಗೆ, ಗೋವಾ ಸುಲಭದ ಗೆಲುವು ಎಂಬ ಮಾತೇ ಆ ಸಾವುಗಳಿಗೆ ಮುಳುವಾಯಿತು. ಸುಲಭವಾಗಿ ಗೆದ್ದ ಯುದ್ಧದಲ್ಲಿ ಸತ್ತವನನ್ನು ನೆನೆಯಲು ದೇಶಕ್ಕೆ ಪುರುಸೊತ್ತು ಇರುವುದಿಲ್ಲ.

ನಮ್ಮ ಸೀಮೆ ಯೋಧರನ್ನು ಮರೆಯುವ ಸೀಮೆ ಎಂದು ನಾನು ಹೇಳುತ್ತಿಲ್ಲ. ಕಾರವಾರದ ಟಾಗೋರ್ ಕಡಲತೀರದಲ್ಲಿ 2006ರಿಂದ ಐಎನ್‌ಎಸ್ ಚಪಲ ಎಂಬ ಹಳೆಯ ಕ್ಷಿಪಣಿ ದೋಣಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅಲ್ಲೇ ಮೇಜರ್ ರಾಮ ರಾಘೋಬಾ ರಾಣೆಯವರ ಪುತ್ಥಳಿಯಿದೆ. ಚೆಂಡಿಯಾದ ಮನೆತನದ ರಾಣೆ ಪರಮವೀರ ಚಕ್ರ ಪಡೆದವರು. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯ ನೆಲಬಾಂಬುಗಳನ್ನು, ಕಡಿದುರುಳಿಸಿದ ಮರಗಳನ್ನು ತೆರವು ಮಾಡಿ ಟ್ಯಾಂಕುಗಳಿಗೆ ದಾರಿ ಕೊಟ್ಟವರು. ನೆಲದಲ್ಲಿ ಹೂತಿದ್ದ ಸಿಡಿಮದ್ದು ದಾಟುವಾಗ ಟ್ಯಾಂಕಿನ ಅಡಿಗೇ ತೆವಳಿಕೊಂಡು ಹೋಗುತ್ತ, ಹಗ್ಗ ಜಗ್ಗಿ ಚಾಲಕನಿಗೆ ನಿಲ್ಲು, ನಡೆ ಎಂದು ಸನ್ನೆ ಮಾಡಿದವರು. ಗಾಯವಾದರೂ ಬದುಕಿ ಬಂದರು, 1994ರವರೆಗೆ ಬಾಳಿದರು. ಅವರ ಪುತ್ಥಳಿ ಅಲ್ಲಿರುವುದು ನ್ಯಾಯವೇ. ಆದರೆ ಏಪ್ರಿಲ್ 8ರಂದು ರಾಣೆಯವರನ್ನು ಗಾಯಗೊಳಿಸಿದ ಅದೇ ಮಾರ್ಟರ್ ದಾಳಿಯಲ್ಲಿ ಅವರ ತಂಡದ ಇಬ್ಬರು ಸತ್ತರು. ಆ ಇಬ್ಬರ ಹೆಸರು ಹೇಳಿ ಎಂದರೆ ಕಾರವಾರದಲ್ಲಿ ಎಷ್ಟು ಜನ ಹೇಳುತ್ತಾರೆ? ಪದಕ ಪಡೆದವನಿಗೆ ಪುತ್ಥಳಿ, ಪಕ್ಕದಲ್ಲಿ ಬಿದ್ದವನಿಗೆ ಅಂಕಿ. ಇದು ಬರೀ ನಮ್ಮ ಜಿಲ್ಲೆಯ ರೋಗವಲ್ಲ.

ಅಂಜುದೀವಿಗೆ ಈಗ ದೋಣಿಯೂ ಬೇಕಿಲ್ಲ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟ ಸೀಬರ್ಡ್ ಯೋಜನೆಯಲ್ಲಿ ದ್ವೀಪಕ್ಕೂ ದಡಕ್ಕೂ ನಡುವೆ ಕಲ್ಲು ತುಂಬಿ ಅಲೆತಡೆ ಕಟ್ಟಿದರು. 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಕೆಲಸ ಶುರುಮಾಡಿತು. ಅರ್ಗಾ, ಅಮದಳ್ಳಿ, ತೋಡೂರು, ಚೆಂಡಿಯಾಗಳಂಥ ಊರುಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಗದ್ದೆ, ತೋಟ, ದೋಣಿ ಹಾಕುವ ದಂಡೆ ಬಿಟ್ಟು ಎದ್ದವು. ರಾಣೆಯವರ ಊರೂ ಬಿಡಲಿಲ್ಲ. ಪರಿಹಾರಕ್ಕೆ ಕೋರ್ಟು ಕಚೇರಿ ಅಲೆದವರ ಕಥೆ ಬೇರೆಯೇ ಬರೆಯಬೇಕಾದದ್ದು. ದ್ವೀಪ ಲೆಕ್ಕಕ್ಕೆ ಇಂದಿಗೂ ಗೋವಾದ್ದು, ಕೈಯಲ್ಲಿರುವುದು ನೌಕಾಪಡೆಯದು. ಫೆಬ್ರವರಿ 2ರ ಇಗರ್ಜಿ ಹಬ್ಬಕ್ಕೆ ಮೊದಲೆಲ್ಲ ದೋಣಿಗಟ್ಟಲೆ ಜನ ಹೋಗುತ್ತಿದ್ದರು. ಭದ್ರತೆಯ ಕಾರಣಕ್ಕೆ ಅದೂ ನಿಂತಿತು. ಹೀಗಾಗಿ ಆ ಏಳು ಜನ ಬಿದ್ದ ದಡ ಸಾಮಾನ್ಯ ಜನರ ಕಣ್ಣಿಗೆ ಬೀಳುವಂಥದ್ದಲ್ಲ. ಅವರ ಸ್ಮಾರಕವೂ ಇನ್ನೊಂದು ನೌಕಾನೆಲೆಯ ಒಳಗೇ ಇದೆ.

ಹೆಸರುಗಳಂತೂ ಎಲ್ಲೂ ಕಳೆದುಹೋಗಿಲ್ಲ. ನೌಕಾಪಡೆ ತನ್ನವರ ಲೆಕ್ಕ ಇಟ್ಟಿರುತ್ತದೆ. 2019ರಲ್ಲಿ ದಿಲ್ಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಗೋವಾ ಕಾರ್ಯಾಚರಣೆಯಲ್ಲಿ ಮಡಿದವರಿಗೂ ಜಾಗವಿದೆ. ಆ ಏಳು ಹೆಸರನ್ನು ತರಿಸಿಕೊಂಡು, ಕನ್ನಡದಲ್ಲಿ ಬರೆಸಿ, ಕಾರವಾರದ ಕಡಲತೀರದಲ್ಲಿ ಎಲ್ಲರೂ ಓಡಾಡುವ ಕಡೆ ಒಂದು ಕಲ್ಲು ನಿಲ್ಲಿಸುವುದು ಜಿಲ್ಲಾಡಳಿತಕ್ಕೆ ಭಾರದ ಕೆಲಸವಲ್ಲ. ಗುಂಡಿಗೆ ಬಲಿಯಾದ ಮೀನುಗಾರನ ಹೆಸರೂ ಅದೇ ಕಲ್ಲಿನ ಮೇಲಿರಲಿ. ಕಲ್ಲು ನಿಲ್ಲುವವರೆಗೆ ಕಾಯಬೇಕಾಗಿಯೂ ಇಲ್ಲ. ಅಂಕೋಲೆ, ಕಾರವಾರ ತಾಲೂಕುಗಳ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತೇ ನಿಲ್ಲುತ್ತಾರೆ. ಡಿಸೆಂಬರ್ 18ರ ಬೆಳಗ್ಗೆ ಐದು ನಿಮಿಷ ಹೆಚ್ಚು ನಿಲ್ಲಿಸಿ, ಅಂಜುದೀವ್ ಎಲ್ಲಿದೆ, ಅಲ್ಲಿ ಯಾರು ಸತ್ತರು ಎಂದು ಮೇಷ್ಟ್ರುಗಳು ಹೇಳಲಿ.